ಕಾಳುಮೆಣಸಿನಷ್ಟು ಮುಲಾಮು

"ಕಣ್ಣು ಬಿಡಬೇಡಿ."

ಬೊಳ್ಳಮ್ಮ ಅವನ ಕತ್ತಿನ ಹಿಂದೆ ಕೈಯಿಟ್ಟು ಇನ್ನೂ ಬಗ್ಗಿಸಿದಳು. ಚೊಂಬಿನ ನೀರು ಅವನ ಹಣೆಯ ಮೇಲೆ ಬಿದ್ದು, ಕೆನ್ನೆಗಳ ಮೇಲೆ ಹರಿದು, ಗದ್ದದ ತುದಿಯಿಂದ ತಾಮ್ರದ ಬೋಗುಣಿಗೆ ಇಳಿಯಿತು.

"ಉರಿ... ಉರೀತಾ ಉಂಟು..."

"ಗೊತ್ತು. ಬಾಯಿ ಮುಚ್ಚಿ. ಒಳಗೆ ಹೋದರೆ ನಾಲಗೆಯೂ ಉರೀತದೆ. ಕಾಳೀ, ಇನ್ನೊಂದು ಚೊಂಬು ಕೊಡು."

ಡಿಸ್ಪೆನ್ಸರಿಯ ಆಯಾ ಕಾಳಿ ಹಿತ್ತಲ ಹಂಡೆಯಿಂದ ನೀರು ಮೊಗೆದು ತಂದಳು. ಆ ಮನುಷ್ಯ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ. ಸ್ವಲ್ಪ ಹೊತ್ತಿನ ಹಿಂದೆ ತಲೆಯ ಮೇಲೆ ಟವೆಲ್ ಹೊದ್ದು, ಕಳ್ಳನಂತೆ ಹಿಂಬಾಗಿಲಿನಿಂದ ನುಗ್ಗಿ, 'ಏನಾದರೂ ಮಾಡಿ' ಎಂದಷ್ಟೇ ಹೇಳಿ ಕುಸಿದಿದ್ದ.

ಅವಳು ಉಜ್ಜಲಿಲ್ಲ. ಸೋಪು ಮುಟ್ಟಲಿಲ್ಲ. ಬರೀ ತಣ್ಣೀರು, ಮತ್ತೆ ತಣ್ಣೀರು. ಹಂಡೆಯ ತಳ ಕಾಣುವವರೆಗೆ ಅದೊಂದೇ ಕೆಲಸ.

ಕೊನೆಗೆ ಅವನ ಗದ್ದ ಹಿಡಿದು ಮುಖ ಮೇಲೆತ್ತಿದಳು.

ಬೆಂದ ಏಡಿಯ ಬಣ್ಣ. ರೆಪ್ಪೆಗಳು ಊದಿಕೊಂಡಿದ್ದವು. ತುಟಿಯ ಮೂಲೆಯಲ್ಲಿ ಚರ್ಮ ಬಿರಿದಿತ್ತು. ಆದರೆ ಕೆನ್ನೆಯ ಮೇಲಿನ ಮೊಡವೆಗಳು ಮಾತ್ರ ಇದ್ದಲ್ಲೇ ಇದ್ದವು, ಮನೆಗೆ ಬೆಂಕಿ ಬಿದ್ದರೂ ಜಾಗ ಬಿಡದ ಬಾಡಿಗೆದಾರರಂತೆ.

ಅಯ್ಯೋ... ಇವನು!

ಹುದಿಕೇರಿ ದಾರಿಯ ಕಾಫಿ ತೋಟದ ಕುಶಾಲಪ್ಪ. ಅದೇ ವಾರದ ಮೊದಲಲ್ಲಿ ಬಂದು, ಡಾಕ್ಟರಿಗೆ ಮುಖ ತೋರಿಸಿ, ಮೊಡವೆಗೆ ಮುಲಾಮು ತೆಗೆದುಕೊಂಡು ಹೋಗಿದ್ದ. ಡಾಕ್ಟರ್ ಬರೆದುಕೊಟ್ಟಿದ್ದರು, ಗಂಧಕವನ್ನೂ ಸ್ಯಾಲಿಸಿಲಿಕ್ ಆಸಿಡ್ಡನ್ನೂ ತೂಗಿ, ವ್ಯಾಸಲೀನಿನಲ್ಲಿ ಅರೆದು, ಡಬ್ಬಿಗೆ ತುಂಬಿ ಕೊಟ್ಟವಳು ಬೊಳ್ಳಮ್ಮ. ಮದರಾಸಿಗೆ ಹೋಗಿ ಕಂಪೌಂಡರ್ ಕೆಲಸ ಕಲಿತು ಬಂದ ಹುಡುಗಿ. ಸುತ್ತಲಿನ ಊರುಗಳಲ್ಲಿ ಅವಳಿಗೆ ಒಂದೇ ಹೆಸರು... ಹೆಣ್ಣು ಕಂಪೌಂಡರ್.

'ನಾನು ತೂಕ ತಪ್ಪಿದೆನಾ?'

ಇಲ್ಲ. ಅವಳು ತಪ್ಪಿರಲಿಲ್ಲ. ಅಷ್ಟರಲ್ಲಿ ಮೂಗಿಗೆ ಒಂದು ವಾಸನೆ ಬಡಿಯಿತು. ಗಂಧಕದ ವಾಸನೆ ಸರಿ, ಅದರ ಅಡಿಯಲ್ಲಿ ಇನ್ನೊಂದು... ಹುಳಿ, ಹೊಗೆ, ಅಡುಗೆಮನೆ. ಅವಳು ಬಗ್ಗಿ ಅವನ ಕೆನ್ನೆಯ ಹತ್ತಿರ ಮೂಗು ತಂದಳು.

"ಮೂಸಿ ನೋಡ್ತಾ ಇದ್ದೀರಲ್ಲ ಅಮ್ಮ," ಎಂದಳು ಕಾಳಿ. "ಗಂಡಸಾ, ಸಾರಾ?"

"ಕಾಚಂಪುಳಿ," ಎಂದಳು ಬೊಳ್ಳಮ್ಮ.

ಕುಶಾಲಪ್ಪ ಊದಿದ ಕಣ್ಣುಗಳನ್ನು ನೆಲಕ್ಕೆ ನೆಟ್ಟ.

"ಮುಖಕ್ಕೆ ಕಾಚಂಪುಳಿ ಹಚ್ಚಿದಿರಾ?"

"ತೊಳೆದೆ," ಎಂದ ಮೆಲ್ಲಗೆ. "ಹಚ್ಚಲಿಲ್ಲ. ತೊಳೆದದ್ದು."

ಪಂದಿಗೆ, ಅಂದರೆ ಹಂದಿಮಾಂಸದ ಅಡುಗೆಗೆ, ಹಾಕುವ ಕಪ್ಪು ಹುಳಿರಸ. ಹಣ್ಣು ಕೊಳೆಸಿ, ಕುದಿಸಿ, ಕೀಲೆಣ್ಣೆಯಷ್ಟು ದಪ್ಪವಾಗುವವರೆಗೆ ಬತ್ತಿಸಿ ಪ್ರತಿ ಮನೆಯಲ್ಲೂ ಸೀಸೆಯಲ್ಲಿ ಇಟ್ಟಿರುತ್ತಾರೆ. ಒಂದು ಹನಿ ನಾಲಗೆಗೆ ಬಿದ್ದರೆ ಹಲ್ಲು ಜುಮ್ಮೆನ್ನುತ್ತದೆ.

"ಯಾಕೆ?"

"ಪಂದಿಯ ಕೊಬ್ಬನ್ನೇ ಕಡೀತದೆ ಅದು. ನನ್ನ ಮುಖದ ಜಿಡ್ಡು ಎಂತ ಲೆಕ್ಕ ಅಂತ..."

"ಮುಲಾಮು ಎಷ್ಟು ಹಚ್ಚಿದಿರಿ?"

"ನೀವು ಕಾಳುಮೆಣಸಿನಷ್ಟು ಅಂದಿದ್ರಿ." ಅವನು ಬೆಂಚಿನ ಅಂಚು ಕೆರೆದ. "ಡಬ್ಬಿ ಖಾಲಿ."

"ಡಬ್ಬಿ ಪೂರ್ತಿ?"

"ಬೆಳಿಗ್ಗೆ, ಸಂಜೆ. ದಪ್ಪ ಹಚ್ಚಿದರೆ ಬೇಗ ಹೋಗ್ತದೆ ಅಂತ. ಇವತ್ತು ಮಳೆ ಬಿಟ್ಟಿತ್ತಲ್ಲ, ಹಾಗೇ ಬಿಸಿಲಿಗೆ ತೋಟಕ್ಕೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಮುಖ ಒಲೆ ಆಗಿತ್ತು."

ಕಾಳಿ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು. ಅಲ್ಲಿಂದ ಅವಳ ನಗು ಕೋಳಿ ಕೊಕ್ಕೊಕ್ ಎಂದಂತೆ ಕೇಳಿತು.

ಬೊಳ್ಳಮ್ಮ ನಗಲಿಲ್ಲ. ನಗು ಬಂದಿತ್ತು, ತುದಿಯವರೆಗೂ ಬಂದಿತ್ತು. ಆದರೆ ಎದುರಿಗಿದ್ದ ಮುಖ ನೋವಿನಿಂದ ನಡುಗುತ್ತಿತ್ತು, ಅದಕ್ಕಿಂತ ಹೆಚ್ಚು ನಾಚಿಕೆಯಿಂದ.

"ಒಂದು ಉಪಕಾರ," ಎಂದ ಅವನು. "ಇದನ್ನು ಯಾರಿಗೂ ಹೇಳಬೇಡಿ. ನನ್ನ ಸೋದರಮಾವ ಸುಬೇದಾರ್ ಕುಟ್ಟಪ್ಪ. ಮೆಸೊಪೊಟೇಮಿಯದಲ್ಲಿ ಗುಂಡು ತಿಂದು ಬಂದವರು. ಅಳಿಯ ಚಂದ ಕಾಣೋಕೆ ಹೋಗಿ ಪಂದಿಯ ಹಾಗೆ ಮುಖ ನೆನೆಹಾಕಿಕೊಂಡ ಅಂತ ಗೊತ್ತಾದರೆ... ಸಾಯೋವರೆಗೆ ನನ್ನನ್ನು ಅದೇ ಹೆಸರಲ್ಲಿ ಕರೀತಾರೆ."

"ಡಾಕ್ಟರಿಗೆ ಹೇಳಲೇಬೇಕಲ್ಲ."

"ಅವರಿಗೂ ಬೇಡ. ಮಾವನ ಜೊತೆ ಇಸ್ಪೀಟು ಆಡ್ತಾರೆ ಅವರು."

ಮಾಡಬೇಕಾದ ಚಿಕಿತ್ಸೆ ಅವಳಿಗೆ ಗೊತ್ತಿತ್ತು. ಕಣ್ಣಿನೊಳಗೆ ಏನೂ ಹೋಗಿರಲಿಲ್ಲ, ಗುಳ್ಳೆ ಎದ್ದಿರಲಿಲ್ಲ.

"ಸರಿ," ಎಂದಳು. "ನನ್ನ ಬಾಯಿಂದ ಹೋಗೋದಿಲ್ಲ. ಕಾಳಿಯ ಬಾಯಿಂದಲೂ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಆ ಕೆಂಪು ಮುಖದ ನಡುವೆ ಕಣ್ಣುಗಳು ಎಷ್ಟು ನಿರ್ಮಲವಾಗಿದ್ದವು... ಬೊಳ್ಳಮ್ಮ ಉರಿ ತಣಿಸುವ ಕ್ಯಾಲಮೈನಿನ ಬಾಟಲಿ ಹುಡುಕುವ ನೆಪದಲ್ಲಿ ತಿರುಗಿಕೊಂಡಳು.

*

ಸಂಜೆ, ರೋಗಿಗಳೆಲ್ಲ ಹೋದ ಮೇಲೆ, ಅವನು ಹಿತ್ತಲ ಜಗಲಿಗೆ ಬರತೊಡಗಿದ.

ಕಾಳಿ ಮೂಲೆಯಲ್ಲಿ ಕೂತು ಬ್ಯಾಂಡೇಜು ಬಟ್ಟೆ ಸುತ್ತುತ್ತಿದ್ದಳು. ಬೊಳ್ಳಮ್ಮ ಹತ್ತಿಯನ್ನು ಕ್ಯಾಲಮೈನಿನಲ್ಲಿ ಅದ್ದಿ ಅವನ ಹಣೆಗೆ, ಕೆನ್ನೆಗೆ ಒತ್ತುತ್ತಿದ್ದಳು. ಗುಲಾಬಿ ಬಣ್ಣದ ಪುಡಿ ಒಣಗಿ ಅವನ ಮುಖ ಹಳೆಯ ಗೋಡೆಯಂತೆ ಕಾಣುತ್ತಿತ್ತು.

"ಮುಲಾಮು ಪೂರ್ತಿ ಬಂದ್," ಎಂದಿದ್ದಳು ಮೊದಲ ದಿನವೇ. "ಕಾಚಂಪುಳಿ ಪಂದಿಗೆ ಮಾತ್ರ. ಸಿಪ್ಪೆ ಏಳುತ್ತದೆ, ಕೀಳಬೇಡಿ. ಬಿಸಿಲಿಗೆ ಹೋಗುವಾಗ ಅಗಲ ಟೋಪಿ. ಮೊಡವೆ ಹಿಂಡುವ ಅಭ್ಯಾಸ ಉಂಟಾ?"

"ಸ್ವಲ್ಪ."

"ಸ್ವಲ್ಪ ಅಂದರೆ?"

"ಕನ್ನಡಿ ಸಿಕ್ಕಾಗೆಲ್ಲ."

"ಹಾಗಾದರೆ ಕನ್ನಡಿ ಗೋಡೆ ಕಡೆ ತಿರುಗಿಸಿ ಇಡಿ. ಹಿಂಡಿದ್ದು ಒಳಗೆ ಹೋಗಿ ಕಲೆ ಆಗುತ್ತದೆ. ಕಲೆಗೆ ನನ್ನ ಹತ್ತಿರ ಮದ್ದಿಲ್ಲ."

ಅವನು ವಿಧೇಯ ಶಾಲೆ ಹುಡುಗನಂತೆ ತಲೆಯಾಡಿಸಿದ. ಆಮೇಲೆ ಕೇಳಿದ: "ಹಾಗಾದರೆ ಮೊಡವೆಗೆ?"

"ಉರಿ ಪೂರ್ತಿ ಹೋಗಲಿ. ಚರ್ಮ ಮೊದಲಿನ ಹಾಗೆ ಆಗಲಿ. ಆಮೇಲೆ ಡಾಕ್ಟರನ್ನು ಕೇಳಿ, ಮುಲಾಮು ಇನ್ನೂ ತೆಳ್ಳಗೆ ಮಾಡಿ ಕೊಡ್ತೇನೆ. ಮೊದಲು ಕಿವಿಯ ಹಿಂದೆ ಹಚ್ಚಿ ನೋಡಬೇಕು. ಅಲ್ಲಿ ಉರಿಯದಿದ್ದರೆ ಮುಖಕ್ಕೆ, ಮಲಗುವ ಮೊದಲು, ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ಕಣ್ಣು, ಮೂಗು, ತುಟಿಯ ಹತ್ತಿರ ಬೇಡ. ಬೇರೆ ಯಾವುದನ್ನೂ ಅದರ ಜೊತೆ ಸೇರಿಸಬಾರದು."

"ಎಷ್ಟು ದಿನಕ್ಕೆ ಹೋಗ್ತದೆ?"

"ದಿನ ಅಲ್ಲ, ತಿಂಗಳುಗಳು. ಗಿಡ ನೆಟ್ಟ ವರ್ಷವೇ ಕಾಫಿ ಕೊಯ್ತೀರಾ ನೀವು?"

ಅವನು ನಕ್ಕ. ನಕ್ಕಾಗ ಒಣಗಿದ ಕ್ಯಾಲಮೈನು ಕೆನ್ನೆಯ ಮೇಲೆ ಬಿರುಕು ಬಿಟ್ಟಿತು, ಅವಳು "ನಗಬೇಡಿ" ಎಂದಳು, ಅವನು ಇನ್ನೂ ನಕ್ಕ.

ಒಬ್ಬ ಗಂಡಸಿನ ಮುಖವನ್ನು ಇಷ್ಟು ಹತ್ತಿರದಿಂದ, ಇಷ್ಟು ನಿಧಾನವಾಗಿ, ಯಾವ ಅಂಜಿಕೆಯೂ ಇಲ್ಲದೆ ನೋಡುವ ಹಕ್ಕು ಯಾವ ಹುಡುಗಿಗೆ ಸಿಗುತ್ತದೆ? ಬೊಳ್ಳಮ್ಮನಿಗೆ ಸಿಕ್ಕಿತ್ತು, ಸರ್ಕಾರಿ ಹತ್ತಿಯ ಕೃಪೆಯಿಂದ. ಅವನ ಎಡ ಹುಬ್ಬಿನಲ್ಲಿ ಒಂದು ಸಣ್ಣ ಕಡಿತವಿದೆ ಎಂದು ಅವಳಿಗೆ ಗೊತ್ತಾಯಿತು. ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತದೆ ಎಂದೂ. ತೋಟದ ಲೈನುಮನೆಗಳ ಕೂಲಿಯವರ ಜ್ವರದ ಬಗ್ಗೆ ಮಾತಾಡುವಾಗ ದನಿ ತಗ್ಗುತ್ತದೆ ಎಂದೂ. ಮಳೆಗಾಲದಲ್ಲಿ ಜ್ವರ ಹಿಡಿದ ಒಬ್ಬ ಮುದುಕನನ್ನು ಬೆನ್ನಿನ ಮೇಲೆ ಹೊತ್ತು ಇದೇ ಡಿಸ್ಪೆನ್ಸರಿಗೆ ತಂದವನು ಇವನೇ ಎಂದು ಅವಳಿಗೆ ನೆನಪಿತ್ತು. ಆ ದಿನ ಮೊಡವೆಗಳನ್ನು ಅವಳು ನೋಡಿಯೇ ಇರಲಿಲ್ಲ. ಮೊಣಕಾಲವರೆಗೆ ಕೆಸರಾದ ಆ ಕಾಲುಗಳನ್ನು ನೋಡಿದ್ದಳು.

'ಈ ಮುಖ ಯಾರಿಗೋಸ್ಕರ ಚಂದ ಆಗಬೇಕು?' ಎಂಬ ಪ್ರಶ್ನೆ ಒಂದು ಸಂಜೆ ಅವಳ ಬೆರಳ ತುದಿಯವರೆಗೆ ಬಂತು. ಹತ್ತಿ ಅವನ ಕೆನ್ನೆಯ ಮೇಲೆ ಅರೆಕ್ಷಣ ನಿಂತಿತು.

"ನೋವಾಯ್ತಾ?" ಎಂದಳು ಅದರ ಬದಲು.

"ಇಲ್ಲ," ಎಂದ ಅವನು. ಕಿವಿ ಕೆಂಪಾಯಿತು.

*

ಆಮೇಲೆ ಅವನು ಬರುವುದು ನಿಂತಿತು.

ಒಂದು ಸಂಜೆ ಬರಲಿಲ್ಲ, ಮರುದಿನವೂ ಇಲ್ಲ. ಬೊಳ್ಳಮ್ಮ ಕ್ಯಾಲಮೈನಿನ ಬಾಟಲಿಯನ್ನು ಕುಲುಕಿ ಕುಲುಕಿ ಇಟ್ಟಳು.

ಸುದ್ದಿ ತಂದವಳು ಕಾಳಿ. "ಸುಬೇದಾರರು ಅಳಿಯನನ್ನ ವಿರಾಜಪೇಟೆಗೆ ಕರ್ಕೊಂಡು ಹೋಗಿದ್ದಾರೆ ಅಮ್ಮ. ಅಲ್ಲಿ ಬೇರೆ ಡಾಕ್ಟರಿಗೆ ತೋರಿಸ್ತಾರಂತೆ. ಹಾಗೇ..." ಅವಳು ನಿಲ್ಲಿಸಿದಳು.

"ಹಾಗೇ?"

"ಹಾಗೇ ಒಂದು ಹೆಣ್ಣು ನೋಡಿ ಬರ್ತಾರಂತೆ."

ಓ... ಹಾಗಾದರೆ ಆ ಅವಸರ ಅದಕ್ಕೆ. ಡಬ್ಬಿ ಖಾಲಿ ಮಾಡಿದ್ದು ಅದಕ್ಕೆ. ವಿರಾಜಪೇಟೆಯಲ್ಲಿ ಯಾವಳೋ ಒಬ್ಬಳು ನುಣುಪು ಕೆನ್ನೆಯ ಗಂಡಿಗಾಗಿ ಕಾದಿದ್ದಾಳೆ, ಆ ಕೆನ್ನೆಯನ್ನು ಸರಿಮಾಡಿ ಕಳಿಸುವ ಕೂಲಿ ಕೆಲಸ ಮಾತ್ರ ತನ್ನದು.

'ನಿನಗೆ ಯಾಕೆ ಹೊಟ್ಟೆ ಉರಿಯಬೇಕು ಬೊಳ್ಳಮ್ಮ? ನೀನು ಕಂಪೌಂಡರ್.' ಅವಳು ಕ್ವಿನೈನ್ ಮಿಕ್ಸ್ಚರ್ ಅಳೆಯಲು ಕೂತಳು. ಗೆರೆ ದಾಟಿತು, ಸುರಿದು ಮತ್ತೆ ಅಳೆದಳು.

ಆದರೆ ಕ್ವಿನೈನ್ ಕುಡಿಯಲು ಜನ ಬರಲಿಲ್ಲ.

ಮೊದಲು ಒಬ್ಬಳು ಹೆಂಗಸು ಮಗುವನ್ನು ಎತ್ತಿಕೊಂಡು ಜಗಲಿಯವರೆಗೆ ಬಂದವಳು, ಒಳಗೆ ಬೊಳ್ಳಮ್ಮನನ್ನು ಕಂಡು ಹಿಂದೆ ಸರಿದಳು. "ಡಾಕ್ಟರೇ ಕೈಯಾರೆ ಮಾಡಿಕೊಟ್ಟರೆ ತಗೊಳ್ತೇನೆ," ಎಂದಳು. ಆಮೇಲೆ ಲೈನಿನಿಂದ ಬರುವವರು ಕಡಿಮೆಯಾದರು. ಜ್ವರ ಇತ್ತು. ಜ್ವರ ಎಲ್ಲಿಗೂ ಹೋಗಿರಲಿಲ್ಲ.

ಡಾಕ್ಟರ್ ಶಾಂತಪ್ಪ ಒಂದು ಬೆಳಿಗ್ಗೆ ಅವಳನ್ನು ಕರೆದರು. ಶನಿವಾರಸಂತೆಯ ಕಡೆಯ ಮನುಷ್ಯ, ಮಾತಿನಲ್ಲಿ ಮೃದು.

"ನೋಡವ್ವ, ಅಳಿಯನ್ನ ವಿರಾಜಪೇಟೆಯಲ್ಲೇ ಬಿಟ್ಟು ಬಂದು ಸುಬೇದಾರರು ಊರೆಲ್ಲ ಹೇಳ್ಕೊಂಡು ತಿರುಗ್ತಾ ಇದ್ದಾರೆ. ಹೆಣ್ಣು ಕಂಪೌಂಡರ್ ಆಸಿಡ್ ಜಾಸ್ತಿ ಹಾಕಿ ಅಳಿಯನ ಮುಖ ಸುಟ್ಟಳು ಅಂತ. ತೂಕ ತಪ್ಪಿದ್ಯಾ?"

"ಇಲ್ಲ ಸಾರ್. ಅವತ್ತು ಅರೆದದ್ದರಲ್ಲಿ ಉಳಿದದ್ದು ಆ ಜಾಡಿಯಲ್ಲಿದೆ."

ಶಾಂತಪ್ಪ ಅಲ್ಲೇ ತಮ್ಮ ಮೊಣಕೈ ಒಳಭಾಗಕ್ಕೆ ಒಂದಿಷ್ಟು ಸವರಿಕೊಂಡರು. ಮರುದಿನ ತೋಳು ಮಡಚಿ ತೋರಿಸಿದರು. ಏನೂ ಆಗಿರಲಿಲ್ಲ.

"ಮುಲಾಮು ಸರಿ ಇದೆ. ಹಂಗಾದ್ರೆ ಆ ಹುಡುಗನ ಮುಖ ಯಾಕೆ ಸುಟ್ಟಿತು?"

ಅವಳು ಜಾಡಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

"ನಿಂಗೆ ಗೊತ್ತದೆ."

"ಗೊತ್ತಿದೆ ಸಾರ್. ಹೇಳೋದಿಲ್ಲ ಅಂತ ಮಾತು ಕೊಟ್ಟಿದ್ದೇನೆ."

ಶಾಂತಪ್ಪ ಕನ್ನಡಕ ತೆಗೆದು ಒರೆಸಿದರು. ಗೋಡೆಯ ಮೇಲೆ ಚಕ್ರವರ್ತಿಯ ಚಿತ್ರ ಯಾವುದಕ್ಕೂ ಸಂಬಂಧವಿಲ್ಲದಂತೆ ನೇತಾಡುತ್ತಿತ್ತು.

"ಕೆಲಸ ಹೋಗುತ್ತೆ ಕಣವ್ವ. ಕೈಲ್ ಮುಹೂರ್ತದ ಹಬ್ಬ ಮುಗಿದ ತಕ್ಷಣ ಊರಿನವರು ಮಡಿಕೇರಿಗೆ ಹೋಗಿ ದೊಡ್ಡ ಸಾಹೇಬರ ಮುಂದೆ ನಿಲ್ತಾರಂತೆ. ಅಲ್ಲಿಂದ ಒಬ್ಬ ಗಂಡಸು ಕಂಪೌಂಡರ್ ಬರ್ತಾನೆ. ನಾನು ಎಷ್ಟು ತಡೆಯೋಕಾಗುತ್ತೆ?"

"ಗೊತ್ತು ಸಾರ್."

"ಆ ಹುಡುಗ ಬಂದು ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ."

ಹೌದು. ಮುಗಿಯುತ್ತಿತ್ತು. ಅವನು ವಿರಾಜಪೇಟೆಯಲ್ಲಿ ಯಾರದೋ ಮನೆಯ ಚಾಪೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾನೆ. ಅವನಿಗೆ ಗೊತ್ತಿರಬೇಕು. ಗೊತ್ತಿದ್ದೂ ಸುಮ್ಮನಿದ್ದಾನೆ.

ಅವಳಿಗೆ ಅಳು ಬರಲಿಲ್ಲ. ಅದಕ್ಕಿಂತ ಕೆಟ್ಟದಾದ ಒಂದು ಒಣಗು, ಮುಲಾಮು ಹೆಚ್ಚಾದ ಚರ್ಮದಂಥ ಬಿಗಿತ, ಎದೆಯೊಳಗೆ ಉಳಿಯಿತು.

*

ಕೈಲ್ ಮುಹೂರ್ತದ ದಿನ, ಕೊಡವರ ಆಯುಧಪೂಜೆಯ ದಿನ, ಮಳೆ ದೂರದ ಬೆಟ್ಟಗಳಿಗೆ ಸರಿದು ನಿಂತಿತ್ತು.

ಮನೆಮನೆಯಲ್ಲಿ ಕೋವಿಗಳಿಗೆ ಪೂಜೆ ಮುಗಿದು, ನಳಿಗೆಯ ಬಾಯಲ್ಲಿ ಕೆಂಪು ಹಳದಿಯ ಕೋವಿಹೂ, ತೋಕ್ ಪೂ, ಸಿಕ್ಕಿಸಿಕೊಂಡು ಗಂಡಸರು ಊರು ಸೇರುವ ಹಸಿರು ಬಯಲು 'ಮಂದ್'ಗೆ ಇಳಿದಿದ್ದರು. ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿತ್ತು. ಅದನ್ನು ಹೊಡೆಯುವ ಆಟ ಇನ್ನೇನು ಶುರುವಾಗಬೇಕು. ಕಾಳಿ ಒತ್ತಾಯ ಮಾಡಿದ್ದಕ್ಕೆ ಬೊಳ್ಳಮ್ಮ ಬಂದು ಹೆಂಗಸರ ಕಡೆ ನಿಂತಿದ್ದಳು. ಅವಳ ಸುತ್ತ ಒಂದು ಮಾರು ಜಾಗ ತಾನಾಗಿ ಖಾಲಿಯಾಗಿತ್ತು.

ಸುಬೇದಾರ್ ಕುಟ್ಟಪ್ಪ ಮುಂದೆ ಬಂದರು. ಕರಿ ಕುಪ್ಯದ ನಿಲುವಂಗಿ, ಎದೆಯ ಮೇಲೆ ಪದಕಗಳು.

"ಎಲ್ಲರೂ ಸೇರಿದ್ದೀರಿ, ಹಾಗಾಗಿ ಹೇಳ್ತೇನೆ," ಎಂದರು. "ಆ ಹುಡುಗಿಯ ಮದ್ದು ಇವತ್ತು ನನ್ನ ಅಳಿಯನ ಮುಖ ಸುಟ್ಟಿತು. ನಾಳೆ ನಿಮ್ಮ ಮಕ್ಕಳ ಹೊಟ್ಟೆ ಸುಡ್ತದೆ. ನಾಡಿದ್ದು ಮಡಿಕೇರಿಗೆ ಹೋಗೋಣ. ಯಾರೆಲ್ಲ ಬರ್ತೀರಿ?"

ಗುಂಪಿನಲ್ಲಿ ಗುಜುಗುಜು. ಊರಿನ ಹಿರಿಯ, ತಕ್ಕ, ಕೋಲೂರಿಕೊಂಡು ಬೊಳ್ಳಮ್ಮನ ಕಡೆ ತಿರುಗಿದರು.

"ನೀನು ಎಂತ ಹೇಳ್ತೀ ಮಗಳೇ?"

ನೂರು ಕಣ್ಣುಗಳು. ಒಂದು ಮಾತು ಸಾಕಿತ್ತು. ಒಂದೇ ಮಾತು, ಅಡುಗೆಮನೆಯ ಒಂದು ಸೀಸೆಯ ಹೆಸರು. ಅವನು ತನ್ನನ್ನು ಬಿಟ್ಟು ಹೋಗಿರುವಾಗ ಅವನ ಮಾನ ತಾನೇಕೆ ಕಾಯಬೇಕು?

"ಮುಲಾಮು ಸರಿಯಾಗಿತ್ತು ಅಜ್ಜ," ಎಂದಳು. ದನಿ ತೆಳುವಾಗಿತ್ತು, ಆದರೆ ಮುರಿಯಲಿಲ್ಲ. "ಉಳಿದದ್ದು ನಾನು ಹೇಳುವ ವಿಷಯ ಅಲ್ಲ."

"ನೋಡಿದ್ರಾ?" ಎಂದರು ಸುಬೇದಾರರು.

"ಮಾವ, ಕೂತುಕೊಳ್ಳಿ."

ಗುಂಪಿನ ಹಿಂದಿನಿಂದ ಬಂದ ದನಿ. ಜನ ಸರಿದು ದಾರಿ ಬಿಟ್ಟರು.

ಕುಶಾಲಪ್ಪ. ಬೆಳಗಿನ ಬಸ್ಸಿನ ಧೂಳು ಇನ್ನೂ ಭುಜದ ಮೇಲಿತ್ತು. ಕೈಯಲ್ಲಿ ಕೋವಿ. ಮುಖದ ಉರಿ ಹೋಗಿ ಚರ್ಮ ತಿಳಿಯಾಗಿತ್ತು, ಮೊಡವೆಗಳು ಯಾವ ಮುಚ್ಚುಮರೆಯೂ ಇಲ್ಲದೆ ಬಿಸಿಲಿಗೆ ನಿಂತಿದ್ದವು.

ಬೊಳ್ಳಮ್ಮ ಉಸಿರು ಹಿಡಿದಳು.

"ಮನೆಗೆ ಬಂದ ಮೇಲೆ ಅವ್ವ ಹೇಳಿದ್ರು, ಇಲ್ಲಿ ಎಂತ ನಡೀತಾ ಉಂಟು ಅಂತ," ಎಂದ ಅವನು. "ಮುಖ ನನ್ನದು. ಕಥೆಯೂ ನಾನೇ ಹೇಳಬೇಕಲ್ಲ. ಮುಲಾಮು ಕಾಳುಮೆಣಸಿನಷ್ಟು ಹಚ್ಚಿ ಅಂತ ಇವರು ಹೇಳಿದ್ರು. ನಾನು ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚಿದೆ. ಮಲಗುವಾಗ ಅಂದ್ರು, ನಾನು ಬೆಳಿಗ್ಗೆಯೂ ಹಚ್ಚಿದೆ. ಅದೂ ಸಾಲದು ಅಂತ ಕಾಚಂಪುಳಿಯಲ್ಲಿ ಮುಖ ತೊಳೆದೆ. ಆಮೇಲೆ ಹೋಗಿ ಬಿಸಿಲಿನಲ್ಲಿ ನಿಂತೆ."

ಮುಂದಿನ ಸಾಲಿನವರು ಹಿಂದಿನವರ ಕಡೆ ತಿರುಗಿದರು.

"ಕಾಚಂಪುಳಿಯಲ್ಲಾ?" ಯಾರೋ ಕೇಳಿದರು.

"ಕಾಚಂಪುಳಿಯಲ್ಲಿ."

"ಉಪ್ಪು, ಖಾರ ಹಾಕಿದ್ಯಾ ಕುಶಾಲ?"

"ಮರೆತುಹೋಯ್ತು ಅಣ್ಣ."

ನಗು ಒಡೆಯಿತು. ಬಯಲಿನ ಈ ತುದಿಯಿಂದ ಆ ತುದಿಯವರೆಗೆ ಉರುಳಿತು. ಮುದುಕರು ಕೋಲು ಹಿಡಿದು ನಕ್ಕರು, ಹೆಂಗಸರು ತಲೆವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಯಾರೋ 'ಪಂದಿ ಕುಶಾಲ' ಎಂದು ಕೂಗಿದರು, ಆ ಹೆಸರು ಆಗಲೇ ಬಾಯಿಂದ ಬಾಯಿಗೆ ಹೋಯಿತು. ಅವನು ಅದೆಲ್ಲದರ ನಡುವೆ ನಿಂತಿದ್ದ. ಕೆನ್ನೆಗಳು ಕೆಂಡವಾಗಿದ್ದವು, ಆದರೆ ತಲೆ ತಗ್ಗಿಸಲಿಲ್ಲ.

ಅವನು ಯಾವುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೆದರಿದ್ದನೋ ಅದರ ನಡುಮಧ್ಯಕ್ಕೆ ತಾನೇ ನಡೆದು ಬಂದಿದ್ದ. ಗುಂಡು ತಿಂದವರು ಪದಕ ಹಾಕಿಕೊಳ್ಳುತ್ತಾರೆ. ನಗು ತಿಂದವರಿಗೆ ಯಾವ ಸರ್ಕಾರ ಪದಕ ಕೊಡುತ್ತದೆ? ಬೊಳ್ಳಮ್ಮನ ಕಣ್ಣು ತುಂಬಿತು.

ನಗು ತಗ್ಗುವವರೆಗೆ ಅವನು ಕಾದ.

"ಇನ್ನೊಂದು ಮಾತು. ಇದೆಲ್ಲ ಇವರಿಗೆ ಮೊದಲ ದಿನವೇ ಗೊತ್ತಿತ್ತು. ಯಾರಿಗೂ ಹೇಳಬೇಡಿ ಅಂತ ಬೇಡಿಕೊಂಡವನು ನಾನು. ಕೆಲಸ ಹೋಗುವ ಹೊತ್ತಿನಲ್ಲೂ, ಈಗ ತಕ್ಕರು ಕೇಳಿದಾಗಲೂ ಹೇಳಲಿಲ್ಲ ಇವರು. ನಿಮ್ಮ ಮೈಯ ಕಷ್ಟ ಹೇಳಿಕೊಳ್ಳೋಕೆ ಇದಕ್ಕಿಂತ ಒಳ್ಳೆಯವರು ಯಾರು ಸಿಗ್ತಾರೆ ನೋಡಿ. ಮಡಿಕೇರಿಗೆ ಹೋಗೋದಾದರೆ ಹೋಗಿ. ಇದನ್ನೂ ಹೇಳಿ ಬನ್ನಿ."

ಈ ಸಲ ಯಾರೂ ನಗಲಿಲ್ಲ. ಹೆಂಗಸರ ನಡುವಿನ ಆ ಖಾಲಿ ಜಾಗದೊಳಗೆ ಅವತ್ತು ಜಗಲಿಯಿಂದ ಹಿಂದೆ ಸರಿದಿದ್ದವಳೇ ಮಗು ಎತ್ತಿಕೊಂಡು ಬಂದು ಬೊಳ್ಳಮ್ಮನ ಪಕ್ಕ ನಿಂತಳು.

ಸುಬೇದಾರರ ಮೀಸೆ ಎರಡು ಸಲ ಅಲ್ಲಾಡಿತು. ಅಳಿಯನನ್ನು ನೋಡಿದರು, ಆಕಾಶ ನೋಡಿದರು. ಕೊನೆಗೆ ನೇರ ಬೊಳ್ಳಮ್ಮನ ಮುಂದೆ ಬಂದು ನಿಂತರು.

"ಕಂಪೌಂಡರಮ್ಮ," ಎಂದರು. "ನನ್ನ ಮೊಣಕಾಲಲ್ಲಿ ಹಳೇ ನೋವು ಉಂಟು. ಅದಕ್ಕೆ ಹಚ್ಚೋಕೆ ಎಂತಾದರೂ ಕೊಡ್ತೀಯಾ?"

ಕ್ಷಮೆ ಎಂಬ ಪದ ಅವರ ಸೈನ್ಯದ ಭಾಷೆಯಲ್ಲಿ ಇರಲಿಲ್ಲ. ಇದ್ದದ್ದು ಇದೇ.

"ಬನ್ನಿ ಮಾವ," ಎಂದಳು ಅವಳು. "ಡಾಕ್ಟರ್ ನೋಡಿ ಬರೆದುಕೊಟ್ಟರೆ ಮಾಡಿಕೊಡ್ತೇನೆ. ಆದರೆ ಹೇಳಿದಷ್ಟೇ ಹಚ್ಚಬೇಕು."

*

ಆಟ ಶುರುವಾಯಿತು. ಕುಶಾಲಪ್ಪನ ಸರದಿ ಬಂದಾಗ ಗುಂಪು ಒಂದೇ ದನಿಯಲ್ಲಿ ಹೊಸ ಹೆಸರು ಕೂಗಿತು. ಅವನು ಗುರಿ ಹಿಡಿದು, ನಗು ತಡೆಯಲಾರದೆ, ಕಾಯಿ ಬಿಟ್ಟು ಕೊಂಬೆಗೆ ಹೊಡೆದ.

ಅವಳು ಅಷ್ಟರಲ್ಲಿ ಬಯಲಿನ ಅಂಚಿನ ಕಲ್ಲುಕಟ್ಟೆಯ ಹತ್ತಿರ ಬಂದಿದ್ದಳು. ಒಬ್ಬಳೇ ಇರಲು ಆಗಲಿಲ್ಲ. ಎಳೆ ಮೀಸೆಯ ಹುಡುಗನೊಬ್ಬ ಅತ್ತ ಇತ್ತ ನೋಡಿ ಬಂದು, "ಅಕ್ಕ, ಆ ಮುಲಾಮು... ನನಗಲ್ಲ, ನನ್ನ ಸ್ನೇಹಿತನಿಗೆ," ಎಂದ. ಅವನ ಹಣೆಯ ತುಂಬ ಮೊಡವೆಗಳಿದ್ದವು. "ಸ್ನೇಹಿತನನ್ನು ಡಾಕ್ಟರ ಹತ್ತಿರ ಕರ್ಕೊಂಡು ಬಾ. ಅಲ್ಲಿಯವರೆಗೆ ಹಿಂಡಬೇಡ ಅಂತ ಹೇಳು," ಎಂದಳು.

ಹುಡುಗ ಹೋದ ಮೇಲೆ ಕುಶಾಲಪ್ಪ ಬಂದ. ಕೋವಿಯನ್ನು ಕಟ್ಟೆಗೆ ಒರಗಿಸಿದ.

ಡಿಸ್ಪೆನ್ಸರಿಯಲ್ಲಿ ಇಷ್ಟು ದಿನವೂ ಅವರು ಕನ್ನಡದಲ್ಲೇ ಮಾತಾಡಿದ್ದರು. ಕಚೇರಿಯ ಮಾತು, ನಡುವೆ ಇಟ್ಟ ಮೇಜಿನ ಹಾಗೆ. ಈಗ ಅವನು ಮನೆಯ ಕೊಡವ ಮಾತಿಗೆ ಇಳಿದ. 'ನೀನು' ಎಂದ.

"ನಿನಗೆ ಕೋಪ ಉಂಟು."

"ಇತ್ತು," ಎಂದಳು. ಅವಳೂ ಅದೇ ಮಾತಿನಲ್ಲಿ. "ವಿರಾಜಪೇಟೆಯ ಹುಡುಗಿ ಹೇಗಿದ್ದಾಳೆ?"

"ಚಂದ ಇದ್ದಾಳೆ."

ಬೊಳ್ಳಮ್ಮ ಹುಲ್ಲಿನ ಮೇಲೆ ಕಣ್ಣಿಟ್ಟಳು.

"ಮಾವ ಡಾಕ್ಟರಿಗೆ ತೋರಿಸಲು ಅಂತ ಕರ್ಕೊಂಡು ಹೋಗಿ ಅವರ ಮನೆಯಲ್ಲಿ ಕೂರಿಸಿದ್ರು. ಪಾಪ, ಆ ಹುಡುಗಿ ನನ್ನ ಹಿಂದಿನ ಗೋಡೆ ನೋಡಿಕೊಂಡು ಮಾತಾಡಿದಳು. ಅವಳ ತಪ್ಪಲ್ಲ, ಆಗ ಮುಖದ ಸಿಪ್ಪೆ ಏಳ್ತಾ ಇತ್ತು. ಅಲ್ಲಿ ಕೂತಾಗ ನನಗೆ ಒಂದು ಹೊಳೆಯಿತು. ಇದಕ್ಕಿಂತ ಕೆಟ್ಟದಾಗಿದ್ದಾಗ ನೀನು ಇದನ್ನ ನೋಡಿದ್ದೀ. ಒಮ್ಮೆಯೂ ಕಣ್ಣು ತೆಗೀಲಿಲ್ಲ."

"ಅದು ನನ್ನ ಕೆಲಸ."

"ಕೆಲಸ ಅಷ್ಟೇನಾ?"

ಬಯಲಿನಲ್ಲಿ ಒಂದು ಗುಂಡು ಹಾರಿತು, ಯಾರೋ ಸಿಳ್ಳೆ ಹಾಕಿದರು.

"ಯಾರಿಗೋಸ್ಕರ ಅಷ್ಟು ಅವಸರ ಪಟ್ಟಿದ್ದು?" ಎಂದಳು ಕೊನೆಗೆ. "ಡಬ್ಬಿ ಖಾಲಿ ಮಾಡುವಷ್ಟು?"

"ನಿನಗೋಸ್ಕರ." ಅವನ ಕಿವಿ ಕೆಂಪಾಗಲಿಲ್ಲ. ಅವಳು ಅದನ್ನೇ ನೋಡುತ್ತಿದ್ದಳು. "ಮಳೆಗಾಲದಲ್ಲಿ ನಮ್ಮ ಲೈನಿನ ಮುದುಕನನ್ನ ತಂದ ದಿನ, ನೀನು ಅವನ ಪಕ್ಕ ನೆಲದ ಮೇಲೆ ಕೂತು ಚಮಚದಲ್ಲಿ ಮದ್ದು ಕುಡಿಸಿದೆ. ಅವನು ಉಗಿದ. ನೀನು ಸೀರೆ ಒರೆಸಿಕೊಂಡು ಮತ್ತೆ ಕುಡಿಸಿದೆ. ಅವತ್ತಿಂದ... ಈ ಮುಖ ಹೊತ್ತು ನಿನ್ನ ಮುಂದೆ ಹೇಗೆ ನಿಲ್ಲೋದು ಅಂತ."

"ಅದಕ್ಕೆ ಮದ್ದು ಕೇಳೋಕೆ ನನ್ನ ಹತ್ತಿರವೇ ಬಂದೆಯಾ?"

"ಬೇರೆ ಎಲ್ಲಿಗೆ ಹೋಗಲಿ? ಈ ಕಡೆ ಇರೋದೇ ಒಂದು ಡಿಸ್ಪೆನ್ಸರಿ."

ಅವಳು ನಕ್ಕಳು. ಎಷ್ಟೋ ದಿನಗಳಿಂದ ಬಿಗಿದಿದ್ದದ್ದು ಎದೆಯೊಳಗೆ ಮೆಲ್ಲಗೆ ಸಡಿಲವಾಯಿತು.

ಅವನು ನಗಲಿಲ್ಲ. ಕಟ್ಟೆಯ ಕಲ್ಲನ್ನು ಬೆರಳಿನಿಂದ ಕೆರೆಯುತ್ತ, ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಒಂದೊಂದಾಗಿ ಇಟ್ಟ.

"ಇವತ್ತು ಎಲ್ಲರೂ ನಕ್ಕರು. ನನಗೆ ಪರವಾಗಿಲ್ಲ. ಆದರೆ ನನ್ನ ಪಕ್ಕ ನಿಂತರೆ ನಿನ್ನನ್ನೂ ನೋಡಿ ನಗ್ತಾರೆ, ಪಂದಿ ಕುಶಾಲನ ಹೆಂಡತಿ ಅಂತ. ಹಾಗಾಗಿ ನಾನು ದೂರ ಇರ್ತೇನೆ. ನೀನು ಹೇಳಿದ ಹಾಗೆ ಕಾಳುಮೆಣಸಿನಷ್ಟೇ ಹಚ್ಚಿಕೊಳ್ತೇನೆ, ಎಷ್ಟು ತಿಂಗಳಾದರೂ ಆಗಲಿ. ಮುಖ ನೆಟ್ಟಗಾದ ಮೇಲೆ ಮನೆತನದ ಪರವಾಗಿ ಮಾತಾಡುವ ನಮ್ಮ ಅರುವ ನಿಮ್ಮ ಮನೆಗೆ ಬಂದು ಸಂಬಂಧ ಕೇಳ್ತಾರೆ. ಅಲ್ಲಿಯವರೆಗೆ ನೀನು ಸಮಾಧಾನವಾಗಿ ಯೋಚನೆ ಮಾಡು. ಆಗಬಹುದಾ?"

ಬೊಳ್ಳಮ್ಮ ಅವನ ಮುಖ ನೋಡಿದಳು. ಹುಬ್ಬಿನ ಕಡಿತ, ಕೆನ್ನೆಯ ಕೆಂಪು ಗಂಟುಗಳು, ಇನ್ನೂ ಒಣಗಿದ ತುಟಿಯ ಮೂಲೆ. ಕೈಯಲ್ಲಿ ಹತ್ತಿ ಇರಲಿಲ್ಲ, ಬಾಟಲಿ ಇರಲಿಲ್ಲ. ನೋಡಲು ಯಾವ ನೆಪವೂ ಇರಲಿಲ್ಲ. ಆದರೂ ನೋಡಿದಳು, ಸಾಕಷ್ಟು ಹೊತ್ತು.

"ಇಲ್ಲ," ಎಂದಳು. "ಅಲ್ಲಿಯವರೆಗೆಲ್ಲ ನಾನು ಕಾಯೋದಿಲ್ಲ. ನಿಮ್ಮ ಅರುವರನ್ನ ಈ ವಾರವೇ ಕಳಿಸು."